ಎಡಕ್ಕೆ ಅರ್ಧ ಇಂಚು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಅಂಚೆಯವನೊಬ್ಬನೇ. ಉಳಿದವರ ಬಾಯಲ್ಲೆಲ್ಲ ಅವಳು ಮೀಡಿಯಂ. ಹಾಗೆಂದು ಮೊದಲು ಕರೆದವರು ಅವಳ ಅತ್ತೆ, ಅದೂ ಅತ್ತೆಯಾಗುವುದಕ್ಕೆ ಎರಡು ವರ್ಷ ಮೊದಲೇ.

ಅತ್ತೆಗೆ ಬೀದಿಯವರು ಇಟ್ಟ ಹೆಸರು ಮಾಸ್ಟರಮ್ಮ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕ್ಲಿನಿಕ್ಕು, ಲಾಂಡ್ರಿ, ಬೇಕರಿಗಳಲ್ಲಿ ದುಡಿಯುವವರು ಮೇಲೆ ತೊಡುವ ಕೋಟುಗಳನ್ನು ಹೊಲಿದು ಕೊಡುವುದು ಕಸುಬು. ಹೊಲಿಗೆ ಕೆಲಸ ಕೇಳಿಕೊಂಡು ಬಂದ ಹುಡುಗಿಯ ಮೈಗೆ ಮೊದಲ ದಿನವೇ ಟೇಪು ಸುತ್ತಿ ನೋಡಿದ್ದರು. ಎದೆ ಮೂವತ್ತಾರು, ನಡು ಮೂವತ್ತು, ಹಿಪ್ಪು ಮೂವತ್ತೆಂಟು. ಗೋಡೆಗೆ ಅಂಟಿಸಿದ್ದ ಅಳತೆ ಪಟ್ಟಿಯನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿ, "ಮೂವತ್ತು ವರ್ಷದಿಂದ ಈ ಪಟ್ಟಿ ಇಟ್ಕೊಂಡು ಕತ್ತರಿಸ್ತಿದೀನಿ. ಇದರಲ್ಲಿರೋ ಮೀಡಿಯಂ ಕೈಕಾಲು ಬಂದು ಎದ್ದು ನಡೆದದ್ದು ಇವತ್ತೇ ನೋಡಿದ್ದು" ಎಂದಿದ್ದರು.

ಅಂದಿನಿಂದ ಅಂಗಡಿಯಲ್ಲಿ ಒಂದು ನಿಯಮ ಬಂತು. ಯಾವ ಆರ್ಡರು ಬಂದರೂ ಒಂದು ಕೋಟು ಮೊದಲು ಹೊಲಿದು ಮೀಡಿಯಂ ಮೈಮೇಲೆ ಹಾಕಿ ನೋಡಬೇಕು. ಅದು ಒಪ್ಪಿದರೆ, ಬಟ್ಟೆಯ ಮೇಲಿಟ್ಟು ಗೆರೆ ಎಳೆಯುವ ಅದರ ರಟ್ಟನ್ನು ಮೊಳೆಗೆ ತೂಗುಹಾಕಬೇಕು. ಆಮೇಲೆಯೇ ರಾಶಿಗೆ ಕತ್ತರಿ. ಹೀಗೆ ದಿನಕ್ಕೊಂದು ಕೋಟು ತೊಟ್ಟು ತಿರುಗುತ್ತಿದ್ದ ಹುಡುಗಿ ಮಾಸ್ಟರಮ್ಮನ ಮಗನ ಕಣ್ಣಿಗೂ ಬಿದ್ದಳು. ಅವನದು ಲಿಫ್ಟು ರಿಪೇರಿ ಕೆಲಸ. ಮದುವೆಯಾಗಿ ಮೀಡಿಯಂ ಮುಂದಿನ ಕೋಣೆಯಿಂದ ಹಿಂದಿನ ಕೋಣೆಗೆ ಬಂದಳು, ಮೂರು ವರ್ಷಕ್ಕೆ ಹೆಣ್ಣುಮಗುವನ್ನು ಹೆತ್ತಳು. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದ ಕೂಸನ್ನು ಕಂಡು, ಮಾಸ್ಟರಮ್ಮನ ತಾಯಿ, ಆ ಮನೆಯ ಅಜ್ಜಿ, "ದಾರ ತುಂಬಿದ ಬಾಬಿನ್ ಹಾಗಿದೆಯಲ್ಲೇ" ಎಂದರು. ಕೂಸಿಗೆ ಅದೇ ಹೆಸರು ನಿಂತಿತು.

ಬಾಬಿನ್‌ಗೆ ಎರಡು ತಿಂಗಳು ತುಂಬಿದ ವಾರ ಬೇಕರಿಯ ಮೇಲ್ವಿಚಾರಕಿ ಅಂಗಡಿಗೆ ಬಂದಳು.

"ನಲವತ್ತು ಕೋಟು, ಮಾಸ್ಟರಮ್ಮ. ಹೋದ ಸಲದ ಹಾಗೇ ಎಲ್ಲಾ ಮೀಡಿಯಂ."

"ನಲವತ್ತು ಜನರೂ ಒಂದೇ ಅಳತೇನಾ?"

"ಒಗೆದು ಬಂದ್ಮೇಲೆ ಎಲ್ಲಾ ಒಂದೇ ಕಡೆ ತೂಗ್ತಿರ್ತವೆ. ಕೈಗೆ ಸಿಕ್ಕಿದ್ದು ಹಾಕ್ಕೊಂಡು ಓಡ್ತಾರೆ. ಅವರವರ ಅಳತೆ ಹುಡುಕ್ತಾ ನಿಂತ್ರೆ ಬ್ರೆಡ್ಡು ಸೀದುಹೋಗುತ್ತೆ. ಆದ್ರೆ ಒಂದು ಮಾತು. ಈ ಸಲ ಗುಂಡಿ ಕಿತ್ತು ಬರಬಾರದು. ಹೋದ ತಿಂಗಳು ಗಿರಾಕಿಯೊಬ್ಬರ ಬನ್ನಲ್ಲಿ ಗುಂಡಿ ಸಿಕ್ಕಿದೆ."

"ನಮ್ಮ ಗುಂಡಿನಾ?"

"ನಾಲ್ಕು ತೂತಿನ ಬಿಳೀ ಗುಂಡಿ. ನಿಮ್ಮದೇ."

ಮಾಸ್ಟರಮ್ಮನ ಮುಖ ಕೆಂಪಗಾಯಿತು. "ದಾರದ್ದು ತಪ್ಪು. ಹಾಳಾದ ದಾರ ತಂದು ಕೊಟ್ಟಿದ್ದ ಆ ದಾರದಂಗಡಿಯವನು. ಈ ಸಲ ಡಬಲ್ ದಾರ ಹಾಕ್ತೀನಿ. ಕೋಟು ಹರಿದ್ರೂ ಗುಂಡಿ ಕಿತ್ತು ಬರಲ್ಲ, ನೋಡ್ತಿರಿ."

ಮೂರನೆಯ ದಿನಕ್ಕೆ ಮೊದಲ ಕೋಟು ಸಿದ್ಧವಾಯಿತು. ಮೀಡಿಯಂ ಮಗುವನ್ನು ಅಜ್ಜಿಯ ತೊಡೆಗೆ ಹಾಕಿ ಕನ್ನಡಿಯ ಮುಂದೆ ಬಂದು ನಿಂತಳು. ತೋಳು ಸರಿಯಾಗಿ ಬಂತು, ಕಾಲರು ಸರಿಯಾಗಿ ಕೂತಿತು. ಮೇಲಿನ ಗುಂಡಿ ಹೇಗೋ ಕಾಜಾದೊಳಗೆ ಹೊಕ್ಕಿತು. ಎರಡನೆಯದು ಮಾತ್ರ ಎಷ್ಟು ಎಳೆದರೂ ನಾಲ್ಕು ಬೆರಳು ದೂರದಲ್ಲೇ ಉಳಿಯಿತು. ಎಳೆದದ್ದೇ ತಡ, ಒಳಗಿದ್ದ ಅಂಗಿಯ ಎಡಭಾಗ ಒದ್ದೆಯಾಯಿತು.

"ಉಸಿರು ಒಳಗೆ ಎಳ್ಕೋ" ಎಂದರು ಮಾಸ್ಟರಮ್ಮ.

"ಉಸಿರು ಎಳ್ಕೊಂಡ್ರೆ ಹೊಟ್ಟೆ ಒಳಗೆ ಹೋಗುತ್ತೆ ಅತ್ತೆ. ಇದು ಎಲ್ಲಿ ಹೋಗುತ್ತೆ?" ಎಂದು ಅವಳು ನಕ್ಕಳು. ಎಲ್ಲರೂ ನಕ್ಕರು. ಕೋಟನ್ನು ಕಳಚಿ ಮಡಿಚಿಟ್ಟು ಒಳಗೆ ಹೋದವಳು ಅರ್ಧ ಗಂಟೆ ಹೊರಗೆ ಬರಲಿಲ್ಲ.

ಮರುದಿನ ಪಕ್ಕದ ಬ್ಯೂಟಿ ಪಾರ್ಲರಿನವಳು ಬ್ಲೌಸು ಸರಿಮಾಡಿಸಲು ಬಂದಳು. ಮೀಡಿಯಂ ಮೂಲೆಯ ಸ್ಟೂಲಿನಲ್ಲಿ ಕುಳಿತು ಮಗುವಿಗೆ ಹಾಲು ಕೊಡುತ್ತಿದ್ದಳು. ಎಡತೋಳಿನಲ್ಲಿ ಮಗು, ಬಿಡುವಾಗಿದ್ದ ಬಲಗೈಯಲ್ಲಿ ಗುಂಡಿಗಳನ್ನು ಆರಿಸಿ ಡಬ್ಬಕ್ಕೆ ಹಾಕುವುದು. ಕೆಲಸ ನಿಲ್ಲಬಾರದೆಂದು ಅವಳು ಕಂಡುಕೊಂಡಿದ್ದ ಉಪಾಯ ಅದು. ಹೀಗಾಗಿ ಬಾಬಿನ್‌ಗೆ ಯಾವಾಗಲೂ ಎಡಗಡೆಯದೇ ಊಟ.

"ಇನ್ನೂ ಕೊಡ್ತಿದೀಯಾ?" ಎಂದಳು ಪಾರ್ಲರಿನವಳು. "ನಾನು ಎರಡೇ ತಿಂಗಳಿಗೆ ನಿಲ್ಲಿಸ್ಬಿಟ್ಟೆ. ನೋಡು, ಯಾರಾದ್ರೂ ತಾಯಿ ಅಂತಾರಾ ನನ್ನ? ಕೊಡ್ತಾ ಕೊಡ್ತಾ ಹೋದಷ್ಟೂ ಜೋತುಬೀಳುತ್ತೆ ಕಣೇ. ಆಮೇಲೆ ಅತ್ತು ಪ್ರಯೋಜನ ಇಲ್ಲ."

ಅವಳ ಮಗ ಡಬ್ಬದ ಹಾಲಿನಲ್ಲೇ ಬೆಳೆದು ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದನೆಂಬುದೂ ನಿಜ. ಮೀಡಿಯಂ ಅವಳ ಬ್ಲೌಸಿನ ಕಡೆ ನೋಡಿದಳು, ತನ್ನ ಅಂಗಿಯ ಕಡೆ ನೋಡಿಕೊಂಡಳು. ಡಬ್ಬದಲ್ಲಿ ಎರಡು ತೂತಿನ ಗುಂಡಿಯೂ ನಾಲ್ಕು ತೂತಿನ ಗುಂಡಿಯೂ ಬೆರೆತುಹೋದದ್ದು ಅವಳಿಗೆ ಸಂಜೆಯ ತನಕ ಗೊತ್ತಾಗಲಿಲ್ಲ.

ಆ ವಾರ ಊಟದ ಹೊತ್ತಿನಲ್ಲಿ ಅವಳು ಎರಡು ತುತ್ತು ತಿಂದು ಏಳತೊಡಗಿದಳು. ಮೊಟ್ಟೆ ಗಂಡನ ತಟ್ಟೆಗೆ ಹೋಯಿತು, ಆಲೂಗಡ್ಡೆ ಅಜ್ಜಿಯ ತಟ್ಟೆಗೆ.

"ನನಗೆ ಹಲ್ಲೇ ಇಲ್ಲ, ಇಷ್ಟು ಸುರಿದ್ರೆ ಹೆಂಗೆ ತಿನ್ನಲಿ?" ಎಂದರು ಅಜ್ಜಿ.

"ಬೆಂದಿದೆ ಅಜ್ಜಿ, ನುಂಗಿದ್ರೆ ಆಯ್ತು."

"ಬಾಣಂತಿ ನೀನು. ನುಂಗಬೇಕಾದವಳು ನೀನಲ್ವಾ?"

ಮಾಸ್ಟರಮ್ಮ ತಲೆಯೆತ್ತದೆ ಕೇಳಿದರು. "ಹಸಿವಿಲ್ವಾ?"

"ಇದೆ. ಆದ್ರೆ ಮೊದಲು ಈ ಮೈ ಇಳೀಬೇಕು. ಮೂರು ತಿಂಗಳು ತುಂಬಿದ ಮೇಲೆ ಮಗುಗೆ ಡಬ್ಬದ ಹಾಲು ಶುರು ಮಾಡೋಣ ಅಂತಿದೀನಿ."

ಮಾಸ್ಟರಮ್ಮ ತಲೆಯೆತ್ತಿದರು. ವಾತಾವರಣ ಹಗುರ ಮಾಡುವುದು ತನ್ನ ಹೊಣೆಯೆಂದು ಗಂಡನಿಗೆ ತೋರಿರಬೇಕು. "ಯೋಚನೆ ಮಾಡ್ಬೇಡ ಕಣೇ. ಮೇಲಿದ್ದದ್ದು ಕೆಳಗೆ ಬರೋದು ಮಾಮೂಲಿ. ದಿನಾ ನೋಡ್ತೀನಲ್ಲ, ಯಾವ ಲಿಫ್ಟೂ ಮೇಲೇ ನಿಂತಿರಲ್ಲ" ಎಂದ.

ಬ್ರೆಡ್ಡಿನ ಚೂರೊಂದು ಹಾರಿಬಂದು ಅವನ ಹಣೆಗೆ ಬಡಿಯಿತು. ಎಸೆದದ್ದು ಹೆಂಡತಿಯಲ್ಲ, ಅವನ ತಾಯಿ.

"ನಿನಗೆ ಹಾಲು ಕೊಡಬೇಕು ಅನಿಸಿದ್ರೆ ಕೊಡು, ಬಿಡಬೇಕು ಅನಿಸಿದ್ರೆ ಬಿಡು" ಎಂದು ಮಾಸ್ಟರಮ್ಮ ಸೊಸೆಗೆ ಹೇಳಿದರು. "ಅದು ನಿನ್ನ ಮೈ, ನಿನ್ನ ಮಗು. ನಾನು ನಡುವೆ ಬಾಯಿ ಹಾಕಲ್ಲ. ಆದ್ರೆ ಊಟ ಬಿಡಬೇಡ."

"ಊಟ ಮಾಡ್ತಾ ಇದ್ರೆ ಆ ಕೋಟು ಈ ಜನ್ಮದಲ್ಲಿ ಹಿಡಿಸಲ್ಲ, ಅತ್ತೆ."

ಮಾಸ್ಟರಮ್ಮ ಕೈ ತೊಳೆಯಲು ಎದ್ದರು. ಮಾತು ಮುಗಿಯುವ ಮುನ್ನ ಎದ್ದುಹೋಗುವ ಅಭ್ಯಾಸ ಅವರಿಗೆ ಇರಲಿಲ್ಲ. ಇದನ್ನು ಗಮನಿಸಿದವರು ಅಜ್ಜಿಯೊಬ್ಬರೇ.

ಐದು ದಿನ ಕಳೆದ ಮೇಲೆ ಮಾಸ್ಟರಮ್ಮ ಅಂಗಡಿಯಿಂದ ಕೂಗಿದರು. "ಮೀಡಿಯಂ, ಬಾ ಇಲ್ಲಿ. ಅವತ್ತಿನ ಕೋಟಿನ ಕಾಲರು ಸ್ವಲ್ಪ ಬದಲಾಯಿಸಿದೀನಿ. ಇನ್ನೊಂದು ಸಲ ಹಾಕು."

"ನನ್ನ ಮೇಲೆ ಬೇಡ ಅತ್ತೆ. ಯಾರನ್ನಾದ್ರೂ ಕರೀರಿ."

"ಕಾಲರು ನೋಡೋಕೆ. ಗುಂಡಿ ಹಾಕೋದೇನೂ ಬೇಡ."

ಅವಳು ಮನಸ್ಸಿಲ್ಲದ ಮನಸ್ಸಿನಿಂದ ತೋಳು ತೂರಿಸಿದಳು. ಕಾಲರಿನಲ್ಲಿ ಬದಲಾದದ್ದೇನೂ ಕಾಣಲಿಲ್ಲ. ಕೈ ತಾನಾಗಿ ಗುಂಡಿಯ ಕಡೆ ಹೋಯಿತು. ಮೇಲಿನದು ಹೊಕ್ಕಿತು. ಎರಡನೆಯದೂ ಹೊಕ್ಕಿತು. ಮೂರು, ನಾಲ್ಕು, ಐದು. ಅವಳು ಕನ್ನಡಿಯಲ್ಲಿ ಹಿಂದೆ ಮುಂದೆ ತಿರುಗಿ ನೋಡಿಕೊಂಡಳು, ಎರಡೂ ಕೈ ಮೇಲೆತ್ತಿದಳು, ಬಗ್ಗಿದಳು.

"ಅತ್ತೆ!"

"ಹೂಂ?"

"ಹಿಡಿಸ್ತಿದೆ!"

"ಹಿಡಿಸದೆ ಏನು? ಮೈ ತಾನಾಗೇ ದಾರಿಗೆ ಬರುತ್ತೆ, ನೀನು ಸುಮ್ಮನೆ ಗಾಬರಿ ಬಿದ್ದೆ" ಎಂದು ಮಾಸ್ಟರಮ್ಮ ಸೂಜಿಗೆ ದಾರ ಪೋಣಿಸತೊಡಗಿದರು. ಕಣ್ಣು ಚುರುಕಾಗಿದ್ದ ಅವರಿಗೆ ಆ ದಿನ ದಾರ ಪೋಣಿಸಲು ನಾಲ್ಕು ಸಲ ಬೇಕಾಯಿತು.

ಆ ಮಧ್ಯಾಹ್ನ ಮೀಡಿಯಂ ಎರಡು ಮೊಟ್ಟೆ ತಿಂದಳು. ಸಾಲದೆಂದು ಅಜ್ಜಿಯ ತಟ್ಟೆಯಿಂದ ಆಲೂಗಡ್ಡೆಯನ್ನೂ ಎತ್ತಿಕೊಂಡಳು. ಮುಂದಿನ ದಿನಗಳಲ್ಲಿ ಮಗು ಗಟಗಟ ಕುಡಿದು ತುಟಿಯ ಅಂಚಿನಲ್ಲಿ ಹಾಲು ಸುರಿಸಿಕೊಂಡು ನಿದ್ದೆ ಹೋಗುತ್ತಿತ್ತು. ಅದರ ಕೆನ್ನೆ ತುಂಬಿತು, ಮಣಿಕಟ್ಟಿನಲ್ಲಿ ದಾರ ಕಟ್ಟಿದ ಹಾಗೆ ಮಡಿಕೆ ಬಿತ್ತು. ಡಬ್ಬದ ಹಾಲಿನ ಮಾತನ್ನು ಯಾರೂ ಎತ್ತಲಿಲ್ಲ, ಮೀಡಿಯಂ ಕೂಡ. ಹೊಲಿಗೆ ಯಂತ್ರದ ಮುಂದೆ ಕುಳಿತು ಅವಳು ಏನೋ ಗುನುಗುವುದು ಹಿಂದಿನ ಕೋಣೆಯವರೆಗೂ ಕೇಳಿಸುತ್ತಿತ್ತು.

ಇಲ್ಲಿಗೆ ಎಲ್ಲ ಸರಿಹೋಗಬಹುದಾಗಿತ್ತು. ಆದರೆ ಅಜ್ಜಿಯ ಹಲ್ಲಿನ ಸೆಟ್ಟು ಸಿದ್ಧವಾಗಿದೆಯೆಂದು ಕರೆ ಬಂತು. ದಂತವೈದ್ಯರು ಇದ್ದದ್ದು ನಗರದ ಆ ತುದಿಯಲ್ಲಿ. ಅಲ್ಲೇ ಹತ್ತಿರ ಮಾಸ್ಟರಮ್ಮನ ತಂಗಿಯ ಮನೆ. ಹಲ್ಲು ಕೂರಿಸಿ, ಮರುದಿನ ಮತ್ತೆ ತೋರಿಸಿ, ಎರಡು ದಿನದಲ್ಲಿ ಬರುವುದೆಂದು ತಾಯಿ ಮಗಳು ಹೊರಟರು.

"ನಾನು ಬಂದ್ಮೇಲೆ ಬೇಕರಿ ಬಟ್ಟೆ ಕತ್ತರಿಸೋಣ" ಎಂದು ಮಾಸ್ಟರಮ್ಮ ಹೋಗುವಾಗ ಹೇಳಿದ್ದರು.

ಮೀಡಿಯಂಗೆ ಅತ್ತೆಯನ್ನು ಬೆರಗುಗೊಳಿಸುವ ಆಸೆ ಬಂತು. ಹೆರಿಗೆಯಾದ ಮೇಲೆ ಅವಳು ದೊಡ್ಡ ಕತ್ತರಿ ಹಿಡಿದಿರಲಿಲ್ಲ. ಗಂಡನಿಗೆ ನಾಲ್ಕು ದಿನ ರಜೆ ಹಾಕಿಸಿ ಮಗುವನ್ನು ಒಪ್ಪಿಸಿದಳು. ಮೊಳೆಯಲ್ಲಿ ತೂಗುತ್ತಿದ್ದ ರಟ್ಟುಗಳನ್ನು ಇಳಿಸಿ ಮೇಜಿನ ಮೇಲೆ ಹರಡಿದಳು. ಮುಂಭಾಗದ ರಟ್ಟು ಎಂದಿನ ಹಾಗೆ ಒಂದೇ ಇರದೆ, ಎರಡಿದ್ದವು. ಒಂದರ ಮೇಲೆ ಮಾಸ್ಟರಮ್ಮ ಸೀಸದಕಡ್ಡಿಯಲ್ಲಿ 'ಎಡ' ಎಂದೂ ಇನ್ನೊಂದರ ಮೇಲೆ 'ಬಲ' ಎಂದೂ ಬರೆದಿದ್ದರು. ಅಳೆದು ನೋಡಿದರೆ ಎಡದ್ದು ಅರ್ಧ ಇಂಚು ಹೆಚ್ಚು. ಎಡಗಡೆ ಜೇಬು ಬರುತ್ತದಲ್ಲ, ಅದಕ್ಕೆ ಬಿಟ್ಟಿರಬೇಕು, ಅತ್ತೆಯ ತಲೆಯೇ ತಲೆ ಎಂದುಕೊಂಡಳು.

ನಾಲ್ಕು ಪದರದ ಹಾಗೆ ಬಟ್ಟೆ ಮಡಿಚಿ, ಸೀಮೆಸುಣ್ಣದ ಗೆರೆ ಎಳೆದು, ಬೆಳಿಗ್ಗೆಯಿಂದ ಸಂಜೆಯವರೆಗೆ ಕತ್ತರಿಸಿದಳು. ಮಗು ಅತ್ತಾಗಲೆಲ್ಲ ಗಂಡ ಬಾಗಿಲಿಗೆ ಬಂದು, "ಮೇಡಂ, ಊಟದ ಬಿಡುವು" ಎನ್ನುತ್ತಿದ್ದ. ಅವಳು ಬಿಳಿ ಬಟ್ಟೆಗೆ ಹಾಲಿನ ಹನಿ ತಾಗದಂತೆ ಎದೆಗೆ ಕೈ ಅಡ್ಡ ಹಿಡಿದು ಓಡುತ್ತಿದ್ದಳು. ಕೊನೆಯ ಪದರ ಮುಗಿದಾಗ ಒಂದು ಗೇಣು ಬಟ್ಟೆಯೂ ಉಳಿಯಲಿಲ್ಲ. ಹಿಂದಿನ ಸಲ ಮೂರು ಮೀಟರ್ ಉಳಿದಿತ್ತು. ಇದನ್ನು ಕುರಿತು ಯೋಚಿಸಬೇಕಾಗಿತ್ತು. ಅವಳು ಯೋಚಿಸಲಿಲ್ಲ. ನಲವತ್ತು ಕೋಟಿನ ತುಂಡುಗಳನ್ನು ಗಂಟುಕಟ್ಟಿ ಸಾಲಾಗಿ ಜೋಡಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಮರುದಿನ ಅಜ್ಜಿ ಹೊಸ ಹಲ್ಲು ತೋರಿಸುತ್ತಾ ಒಳಗೆ ಬಂದರು. ಹಿಂದೆಯೇ ಬಂದ ಮಾಸ್ಟರಮ್ಮ ಗಂಟುಗಳನ್ನು ಕಂಡು ಬಾಗಿಲಲ್ಲೇ ನಿಂತರು.

"ಇದೇನೇ?"

"ನಲವತ್ತೂ ಮುಗೀತು! ಇನ್ನು ಹೊಲಿಯೋದೊಂದೇ."

"ಯಾವ ರಟ್ಟು ಇಟ್ಟು ಕತ್ತರಿಸಿದೆ?"

"ಮೊಳೆಯಲ್ಲಿದ್ದದ್ದು."

ಮಾಸ್ಟರಮ್ಮ ಸ್ಟೂಲಿನ ಮೇಲೆ ಕುಸಿದು ಕೂತರು. ಅವರ ಮುಖ ನೋಡಿ ಮೀಡಿಯಂ ಕೈಯ ನೀರಿನ ಲೋಟ ಕೆಳಗಿಟ್ಟಳು. "ತಪ್ಪಾಯ್ತಾ? ಒಂದೊಂದು ತುಂಡೂ ಅಳೆದಿದೀನಿ ಅತ್ತೆ. ಜೇಬಿಗೆ ಅಂತ ಎಡಕ್ಕೆ ನೀವು ಬಿಟ್ಟಿದ್ದ ಅರ್ಧ ಇಂಚೂ ಬಿಟ್ಟಿದೀನಿ."

"ಅದು ಜೇಬಿಗಲ್ಲ."

"ಮತ್ತೆ?"

ಆ ಹೊತ್ತಿಗೆ ಬಾಬಿನ್ ಅಮ್ಮನ ಎಡತೋಳಿನಲ್ಲೇ ಇತ್ತು, ಎಂದಿನ ಜಾಗದಲ್ಲೇ ಬಾಯಿಟ್ಟು ಚಪ್ಪರಿಸುತ್ತಿತ್ತು. ಅತ್ತೆಯ ಕಣ್ಣು ಒಂದು ಕ್ಷಣ ಅಲ್ಲಿಗೆ ಹೋಗಿ ಬಂದದ್ದನ್ನು ಮೀಡಿಯಂ ನೋಡಿದಳು. ಅವಳೂ ದರ್ಜಿಯೇ. ಅವಳಿಗೆ ಮುಂದೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ನನ್ನ ಮೈಗೆ ಕತ್ತರಿಸಿದ್ರಾ?"

ಮಾಸ್ಟರಮ್ಮ ಹೌದೆಂದು ತಲೆಯಾಡಿಸಿದರು.

"ಕೋಟೇ ದೊಡ್ಡದು ಮಾಡಿ ನನಗೆ ಹಿಡಿಸ್ತು ಅಂದ್ರಾ? ಎಷ್ಟು ಬಿಟ್ರಿ?"

"ಎದೆಗೆ ಮೂರು. ನಡುವಿಗೆ ನಾಲ್ಕು."

"ನಾನು ಕನ್ನಡಿ ಮುಂದೆ ಕುಣಿದಾಡ್ತಿದ್ರೆ ನೀವು ನೋಡ್ತಾ ಕೂತಿದ್ರಿ!"

"ನೀನು ಊಟ ಬಿಟ್ಟಿದ್ದೆ ಕಣೇ!" ಮಾಸ್ಟರಮ್ಮನ ಧ್ವನಿಯೂ ಏರಿತು. "ಎರಡು ತುತ್ತಿಗೆ ಏಳ್ತಿದ್ದೆ. ಹೇಳಿದ್ರೆ ಕೇಳೋ ಪೈಕಿ ಅಲ್ಲ ನೀನು. ನನ್ನ ಮಾತು ಕೇಳಲ್ಲ, ರಟ್ಟಿನ ಮಾತಾದ್ರೂ ಕೇಳ್ತೀಯ ಅಂತ ಮಾಡ್ದೆ. ಆ ಒಂದು ಕೋಟು ನಿನಗೇ ಅಂತ ಇಟ್ಟಿದ್ದೆ. ನೀನು ಹೋಗಿ ನಲವತ್ತೂ ಕತ್ತರಿಸ್ತೀಯ ಅಂತ ನಾನೇನು ಕನಸು ಕಂಡಿದ್ನಾ?"

"ರಟ್ಟು ಬಚ್ಚಿಡೋಕೆ ಆಗ್ತಿರ್ಲಿಲ್ವಾ?"

"ಮುಗಿದ ರಟ್ಟು ಮೊಳೆಗೆ ತೂಗ್ಹಾಕಿ ಹಾಕಿ ಕೈಗೆ ಅಭ್ಯಾಸ!"

ಅಜ್ಜಿ ನಡುವೆ ಏನೋ ಹೇಳಹೋದರು. ಹೊಸ ಹಲ್ಲು ಕಟಕಟ ಎಂದಿತೇ ಹೊರತು ಮಾತು ಹೊರಡಲಿಲ್ಲ.

"ಮೂವತ್ತೈದು ವರ್ಷ ಯಾರಿಗೂ ತಪ್ಪು ಅಳತೆ ಹೇಳದವರು ನೀವು" ಎಂದಳು ಮೀಡಿಯಂ. "ನನಗೊಬ್ಬಳಿಗೆ ಹೇಳಿದ್ರಿ." ಆಮೇಲೆ ಗಂಡನ ಕಡೆ ತಿರುಗಿದಳು. "ನಾಳೆ ಮಗುವಿನ ಲಸಿಕೆಗೆ ನೀವೇ ಹೋಗಿ. ಬರ್ತಾ ಹಾಲಿನ ಡಬ್ಬ ತನ್ನಿ."

ಮರುದಿನ ಬೆಳಿಗ್ಗೆ ಗಂಡ ಮಗುವನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಹೋದ. ಮನೆಯಲ್ಲಿ ಮೂವರು ಹೆಂಗಸರು ಮೂರು ಕಡೆ ಕೂತರು. ದೊಡ್ಡದಾಗಿ ಕತ್ತರಿಸಿದ ಬಟ್ಟೆಯನ್ನು ಚಿಕ್ಕದು ಮಾಡಬಹುದು. ಆದರೆ ನಲವತ್ತು ಕೋಟನ್ನೂ ಒಂದೊಂದಾಗಿ ಬಿಚ್ಚಿಟ್ಟು ಅಂಚು ಕತ್ತರಿಸಬೇಕು. ಮರುದಿನ ಬೇಕರಿಯವರು ಕೋಟು ಹಾಕಿ ನೋಡಲು ಬರುವವರಿದ್ದರು. ಹಳೆಯ ರಟ್ಟನ್ನು ಇಟ್ಟುಕೊಂಡು ಮಾಸ್ಟರಮ್ಮ ಮೊದಲ ಗಂಟು ಬಿಚ್ಚಿದರು. ಮೀಡಿಯಂ ಎರಡನೆಯದನ್ನು ಬಿಚ್ಚಿದಳು.

ಹನ್ನೊಂದರ ಹೊತ್ತಿಗೆ ಬೀದಿಯ ತಿರುವಿನಲ್ಲಿ ಮಗು ಅಳುವುದು ಕೇಳಿಸಿತು. ಮನೆ ತಲುಪಲು ಇನ್ನೂ ಹತ್ತು ಮನೆ ದಾಟಬೇಕು, ಅಷ್ಟರಲ್ಲೇ ಮೀಡಿಯಂನ ಅಂಗಿಯ ಎರಡೂ ಕಡೆ ಹಾಲು ಇಳಿದು ನಡುವಿನವರೆಗೆ ಒದ್ದೆಯಾಯಿತು. ಅವಳು ಬಟ್ಟೆಯಿಂದ ದೂರ ಸರಿದು ಎದ್ದು ನಿಂತಳು.

"ನೋಡಿ ಅತ್ತೆ" ಎಂದಳು ಸಿಟ್ಟು ಮರೆತು. "ನನ್ನ ಒಂದು ಮಾತೂ ಕೇಳಲ್ಲ ಈ ಮೈ."

"ಕೇಳೋದಾಗಿದ್ರೆ ನಮ್ಮನೇದು ಹೆಂಗಾಗ್ತಿತ್ತು?" ಎಂದರು ಅಜ್ಜಿ ಸ್ಪಷ್ಟವಾಗಿ. ಹೊಸ ಹಲ್ಲಿನಿಂದ ಹೊರಟ ಮೊದಲ ಪೂರ್ತಿ ವಾಕ್ಯ ಅದು.

ಗಂಡ ಬೆವರಿಳಿಸಿಕೊಂಡು ಬಂದ. ಒಂದು ಕೈಯಲ್ಲಿ ಅಳುವ ಬಾಬಿನ್, ಇನ್ನೊಂದರಲ್ಲಿ ಡಬ್ಬ. "ಸೂಜಿ ಚುಚ್ಚಿದಾಗ ಅಳಲಿಲ್ಲ, ಹಸಿವಿಗೆ ಅಳ್ತಿದೆ. ಮತ್ತೆ, ನರ್ಸಮ್ಮನ ಹತ್ರ ನಾನೇ ಕೇಳ್ದೆ."

"ಏನು ಕೇಳಿದ್ರಿ?"

"ಅದೇ... ಹಾಲು ಕೊಟ್ರೆ ಲಿಫ್ಟು ಕೆಳಗೇ ನಿಂತುಬಿಡುತ್ತಾ ಅಂತ."

"ಅಯ್ಯೋ ದೇವರೇ! ಹಂಗೇ ಕೇಳಿದ್ರಾ?"

"ಮೊದಲು ಹಂಗೆ ಕೇಳ್ದೆ. ಅವರಿಗೆ ಅರ್ಥ ಆಗ್ಲಿಲ್ಲ. ಆಮೇಲೆ ಬಿಡಿಸಿ ಹೇಳ್ದೆ, ಸಾಲಲ್ಲಿದ್ದ ಹನ್ನೆರಡು ಹೆಂಗಸರೂ ಕೇಳಿಸ್ಕೊಂಡ್ರು." ಅವನ ಕಿವಿ ಇನ್ನೂ ಕೆಂಪಗಿತ್ತು. "ಬದಲಾಗೋದೆಲ್ಲ ಬಸುರಲ್ಲೇ ಬದಲಾಗಿಬಿಟ್ಟಿರುತ್ತಂತೆ. ವಯಸ್ಸಾದ ಹಾಗೆ ಇನ್ನಷ್ಟು ಬದಲಾಗುತ್ತೆ. ಹಾಲು ಕೊಟ್ರೂ ಅಷ್ಟೇ, ಬಿಟ್ರೂ ಅಷ್ಟೇ. ಬಿಡೋದು ಬಿಡದೇ ಇರೋದು ಅವಳಿಷ್ಟ, ಆದ್ರೆ ಹಳೇ ಅಳತೆ ವಾಪಸ್ ಬರುತ್ತೆ ಅಂತ ಬಿಡೋದು ಬೇಡ ಅಂತ ಹೇಳು ಅಂದ್ರು."

ಮೀಡಿಯಂ ಗಂಡನನ್ನೇ ನೋಡಿದಳು. ಹನ್ನೆರಡು ಹೆಂಗಸರ ಮುಂದೆ ನಿಂತು ಹೀಗೆ ಕೇಳಿ ಬಂದ ಗಂಡಸು ಅವನೊಬ್ಬನೇ ಇರಬೇಕು.

"ಡಬ್ಬ ಅಲ್ಲಿಡಿ" ಎಂದಳು. "ಮಗು ಇಲ್ಲಿ ಕೊಡಿ."

ಬಾಬಿನ್ ಬಿಕ್ಕುತ್ತಲೇ ಬಾಯಿಟ್ಟಿತು. ಅವಳು ಈ ಸಲ ಬಲಗಡೆಗೆ ಹಾಕಿಕೊಂಡಳು. ಮಗು ಒಂದು ಕ್ಷಣ ಊರು ತಪ್ಪಿದವರ ಹಾಗೆ ಕಣ್ಣರಳಿಸಿ ಹುಡುಕಿ, ಆಮೇಲೆ ಇಲ್ಲೂ ಊಟ ಸಿಗುತ್ತದೆಂದು ಖಾತ್ರಿ ಮಾಡಿಕೊಂಡು ಕಾಲ್ಬೆರಳು ಕುಣಿಸತೊಡಗಿತು. ಹೊಟ್ಟೆ ತುಂಬಿ ಮಗು ನಿದ್ದೆ ಹೋಯಿತು. ಅದನ್ನು ಗಂಡನ ಹೆಗಲಿಗೆ ದಾಟಿಸಿ ಒಳಗೆ ಕಳಿಸಿದ ಮೇಲೆ ಅವಳು ಮುಂಬಾಗಿಲು ಹಾಕಿದಳು.

"ಅತ್ತೆ, ಟೇಪು ತಗೊಳ್ಳಿ."

"ಯಾಕೆ?"

"ನನ್ನ ಅಳತೆ ತೆಗೀರಿ. ನಾನು ಉಸಿರು ಹಿಡಿಯಲ್ಲ. ನೀವೂ ಟೇಪಿನೊಳಗೆ ಬೆರಳು ತೂರಿಸ್ಬೇಡಿ. ಎಷ್ಟಿದೆಯೋ ಅಷ್ಟು ಜೋರಾಗಿ ಹೇಳಿ. ನಾನೇ ಬರ್ಕೋತೀನಿ."

ಮಾಸ್ಟರಮ್ಮ ಕತ್ತಿನಲ್ಲಿದ್ದ ಟೇಪನ್ನು ನಿಧಾನವಾಗಿ ಎಳೆದರು. "ಎದೆ, ಮೂವತ್ತೊಂಬತ್ತೂವರೆ."

ಸೀಮೆಸುಣ್ಣ ಹಿಡಿದು ಅವಳು ಮೇಜಿನ ಅಂಚಿನಲ್ಲಿ ಬರೆದಳು.

"ನಡು, ಮೂವತ್ತನಾಲ್ಕು."

ಬರೆದಳು.

"ಹಿಪ್ಪು, ನಲವತ್ತೊಂದು." ಮಾಸ್ಟರಮ್ಮ ಟೇಪು ಸುತ್ತಿಡುತ್ತಾ, "ಸಾಕಾ?" ಎಂದರು.

ಮೀಡಿಯಂ ಆ ಮೂರು ಅಂಕಿಗಳನ್ನು ನೋಡಿದಳು. ಇಷ್ಟು ದಿನ ಹೆದರಿದ್ದು ಇವಕ್ಕೇ. ಮೇಜಿನ ಮೇಲೆ ಬರೆದಿಟ್ಟು ನೋಡಿದರೆ ಯಾವುದೋ ಗಿರಾಕಿಯ ಅಳತೆಯ ಹಾಗೆ ತಣ್ಣಗೆ ಕೂತಿದ್ದವು.

"ನಂದೂ ತೆಗಿಯೇ" ಎಂದರು ಅಜ್ಜಿ.

"ನಿನಗ್ಯಾಕಮ್ಮ ಈಗ?"

"ಐದು ಮಕ್ಕಳಿಗೆ ಎರಡೆರಡು ವರ್ಷ ಹಾಲು ಕೊಟ್ಟಿದೀನಿ. ನೀನು ಇವನೊಬ್ಬನಿಗೆ ಮೂರೇ ತಿಂಗಳು ಕೊಟ್ಟು ಕೆಲಸಕ್ಕೆ ಹೋದೆ. ಯಾರದು ಎಷ್ಟು ಜೋತಿದೆ ನೋಡೇಬಿಡೋಣ. ಭುಜದಿಂದ ಅಳೆ."

ಮೀಡಿಯಂ ಟೇಪು ಕಸಿದುಕೊಂಡಳು. ಅಜ್ಜಿಯದು ಹನ್ನೆರಡು ಇಂಚು. ಮಾಸ್ಟರಮ್ಮ ಮೊದಲು ಒಲ್ಲೆ ಎಂದರು, ಆಮೇಲೆ ನೆಟ್ಟಗೆ ನಿಂತರು. ಹನ್ನೆರಡೂವರೆ.

"ಹತ್ತು ವರ್ಷ ಕೊಟ್ಟವಳದು ಅರ್ಧ ಇಂಚು ಮೇಲೇ ಇದೆ!" ಎಂದು ಅಜ್ಜಿ ಚಪ್ಪಾಳೆ ತಟ್ಟಿದರು.

"ನೀನು ಗಿಡ್ಡಿ ಕಣಮ್ಮ, ಅದಕ್ಕೆ."

"ಏನೇ ಹೇಳು, ಗೆದ್ದವಳು ನಾನು. ಪಾರ್ಲರಿನವಳನ್ನೂ ಕರೀರಿ, ಅವಳದೂ ಅಳೆಯೋಣ."

"ಅವಳದು ಬೇಡ" ಎಂದರು ಮಾಸ್ಟರಮ್ಮ ಅವಸರದಿಂದ. "ಗಿರಾಕಿ ಅಳತೆ ನಾನು ಹೊರಗೆ ಹೇಳೋಳಲ್ಲ."

"ನೀನು ಹೇಳ್ಬೇಡ. ಅವಳ ಬ್ಲೌಸಿಗೆ ನೀನು ಸ್ಪಂಜು ಕತ್ತರಿಸೋವಾಗ ಹಿಡ್ಕೊಂಡು ಕೂತಿರೋಳು ನಾನಲ್ವಾ?"

"ಆಂ?" ಎಂದಳು ಮೀಡಿಯಂ. ಆಮೇಲೆ ನಗು ಬಂತು. ಅತ್ತೆಯ ಭುಜ ಹಿಡಿದುಕೊಂಡು ನಕ್ಕಳು. ಮಾಸ್ಟರಮ್ಮ ತಡೆದುಕೊಳ್ಳಲು ನೋಡಿ ಸೋತರು. ಅಜ್ಜಿಯ ಹಲ್ಲಿನ ಸೆಟ್ಟು ನಕ್ಕ ರಭಸಕ್ಕೆ ಜಾರಿ ಕೈಗೆ ಬಂತು. ಒಳಗಿನಿಂದ ಗಂಡ, "ಮಗು ಏಳುತ್ತೆ, ಏನು ಗಲಾಟೆ ಅದು?" ಎಂದು ಪಿಸುಗುಟ್ಟಿದ.

ಕಣ್ಣೊರೆಸಿಕೊಳ್ಳುತ್ತಾ ಮಾಸ್ಟರಮ್ಮ ಹೇಳಿದರು. "ಇನ್ನು ನಿನಗೆ ಅಳತೆ ತಪ್ಪು ಹೇಳಲ್ಲ. ನನ್ನ ಕತ್ತರಿ ಮೇಲಾಣೆ."

"ಹೇಳಿದ್ರೂ ಗೊತ್ತಾಗುತ್ತೆ. ನನಗೂ ಅಳೆಯೋಕೆ ಬರುತ್ತೆ" ಎಂದಳು ಮೀಡಿಯಂ.

ನಗುವಿನಲ್ಲಿ ಅರ್ಧ ದಿನ ಹೋಯಿತು. ಅಂಚು ಕತ್ತರಿಸಿ ಮುಗಿದದ್ದು ಎರಡೇ ಕೋಟು. ಮರುದಿನ ಬೇಕರಿಯ ಮೇಲ್ವಿಚಾರಕಿ ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಬಂದಳು. ಜೊತೆಗೆ ಇಬ್ಬರು ಕೆಲಸದವರು, ಹಿಟ್ಟು ನಾದುವವಳು ಮತ್ತು ಒಲೆಯ ಮುಂದೆ ನಿಲ್ಲುವವಳು. ಒಲೆಯವಳು ಕೆಲಸದಿಂದ ನೇರವಾಗಿ ಹಳೆಯ ಕೋಟಿನಲ್ಲೇ ಬಂದಿದ್ದಳು. ಎದೆಯ ಹತ್ತಿರ ಗುಂಡಿಯಿರಬೇಕಾದ ಕಡೆ ದೊಡ್ಡ ಪಿನ್ನು.

ಮಾಸ್ಟರಮ್ಮನ ಕಣ್ಣು ಆ ಪಿನ್ನಿನ ಮೇಲೆ ನಿಂತಿತು. "ಎಷ್ಟು ದಿನದಿಂದ ಇದು?"

"ಕೋಟು ಬಂದ ವಾರದಿಂದ."

"ದಾರ ಕೆಟ್ಟದ್ದಿತ್ತು, ಈ ಸಲ..."

"ದಾರ ಏನೂ ಆಗಿರಲಿಲ್ಲ, ಮಾಸ್ಟರಮ್ಮ. ಟ್ರೇ ಎತ್ತೋಕೆ ಕೈ ಚಾಚಿದ್ರೆ ಇಲ್ಲಿ ಹಿಡ್ಕೊಳ್ಳುತ್ತೆ. ಟಪ್ಪಂತ ಹಾರಿಹೋಗುತ್ತೆ."

"ನಂದೂ ಹಾರಿದೆ" ಎಂದಳು ಹಿಟ್ಟಿನವಳು. "ಬನ್ನಲ್ಲಿ ಸಿಕ್ಕಿದ್ದು ನಂದೇ ಇರಬೇಕು. ಯಾರಿಗೂ ಹೇಳ್ಬೇಡಿ."

"ಬಿಗಿ ಅಂತ ಹೇಳಬಾರದಿತ್ತಾ?"

ಒಲೆಯವಳು ಪಿನ್ನನ್ನು ಅಂಗೈಯಿಂದ ಮುಚ್ಚಿಕೊಂಡಳು. "ಮೀಡಿಯಂ ಅಂತ ಬರೆದಿತ್ತಲ್ಲ. ನಾನೇ ಜಾಸ್ತಿ ಆಗಿದೀನಿ ಅಂದ್ಕೊಂಡೆ. ಮೂರು ಮಕ್ಕಳಾದ ಮೇಲೆ ಕೋಟಿನ ತಪ್ಪು ಅಂತ ಯಾವ ಬಾಯಲ್ಲಿ ಹೇಳೋದು?"

ಮೀಡಿಯಂ ಆ ಹೊತ್ತಿಗೆ ತನಗೆಂದು ಹೊಲಿದಿದ್ದ ಕೋಟನ್ನೇ ಅಂಗಿಯ ಮೇಲೆ ತೊಟ್ಟು ಕೆಲಸ ಮಾಡುತ್ತಿದ್ದಳು. ಗುಂಡಿಗಳನ್ನು ಬಿಚ್ಚಿ ಕೋಟನ್ನು ಕಳಚಿ ಒಲೆಯವಳ ಮುಂದೆ ಹಿಡಿದಳು.

"ಇದು ಹಾಕಿ ನೋಡಿ ಅಕ್ಕಾ."

ಒಲೆಯವಳು ಹಾಕಿಕೊಂಡಳು. ಐದು ಗುಂಡಿಯೂ ಹೊಕ್ಕವು. ಮಾಸ್ಟರಮ್ಮ ಇಸ್ತ್ರಿಯ ಹಲಗೆಯನ್ನು ತೋರಿಸಿ, "ಅದನ್ನ ಎತ್ತು" ಎಂದರು. ಒಲೆಯವಳು ಟ್ರೇ ಎತ್ತುವ ಹಾಗೆ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು, ತಲೆಯ ಮೇಲೆತ್ತಿದಳು, ಬಗ್ಗಿ ಕೆಳಗಿಟ್ಟಳು. ಎಲ್ಲರೂ ಎರಡನೆಯ ಗುಂಡಿಯನ್ನೇ ನೋಡುತ್ತಿದ್ದರು. ಅದು ಕದಲಲಿಲ್ಲ.

"ನನಗೆ ಕೊಡೇ, ನನಗೆ ಕೊಡೇ" ಎಂದು ಹಿಟ್ಟಿನವಳು ಕೋಟು ಎಳೆದುಕೊಂಡಳು. ಅವಳು ಒಲೆಯವಳಿಗಿಂತ ತೆಳ್ಳಗಿದ್ದಳು. ಅವಳ ಮೈಮೇಲೆ ಕೊಂಚ ಸಡಿಲವಾಯಿತು. "ಸಡಿಲ ಇದ್ರೆ ಇರಲಿ, ಗಾಳಿಯಾದ್ರೂ ಆಡುತ್ತೆ. ಒಲೆ ಸೆಕೆಗೆ ಇದೇ ಬೇಕು." ಎಡಗಡೆಯ ಜೇಬಿಗೆ ಕರವಸ್ತ್ರ, ಚೀಟಿಗಳ ಕಟ್ಟು ತುರುಕಿ ನೋಡಿದಳು. "ಜೇಬು ತುಂಬಿದ್ರೂ ಎಳೆಯಲ್ವಲ್ಲ! ಈ ಕಡೆಗೆ ಒಂಚೂರು ಜಾಸ್ತಿ ಬಿಟ್ಟಿದೀರ ಅಲ್ವಾ? ಇದು ಹೆಂಗೆ ಹೊಳೀತು ನಿಮಗೆ?"

ಮಾಸ್ಟರಮ್ಮ ಮುಖ ಗಂಟಿಕ್ಕಿಕೊಂಡು ಒಳಗಿನ ಬಾಗಿಲ ಕಡೆ ನೋಡಿದರು. ಅಲ್ಲಿ ಮಗನ ಹೆಗಲ ಮೇಲಿನಿಂದ ಬಾಬಿನ್ ಎಲ್ಲರನ್ನೂ ನೋಡುತ್ತಿತ್ತು.

"ಅನುಭವ" ಎಂದರು.

ಮೀಡಿಯಂ ಕೆಮ್ಮು ಬಂದವಳ ಹಾಗೆ ಮುಖ ತಿರುಗಿಸಿಕೊಂಡಳು.

"ಹಾಗಿದ್ರೆ ಇದೇ ಹೊಲೀರಿ" ಎಂದಳು ಮೇಲ್ವಿಚಾರಕಿ. "ನಲವತ್ತೂ ಇದೇ. ಆದ್ರೆ ಒಳಗಡೆ ಪಟ್ಟಿಯಲ್ಲಿ ಲಾರ್ಜ್ ಅಂತ ಬರೀಬೇಡಿ ತಾಯೀ, ಯಾರೂ ಮುಟ್ಟಲ್ಲ."

"ಲಾರ್ಜ್ ಯಾಕೆ ಬರೀತೀನಿ?" ಎಂದರು ಮಾಸ್ಟರಮ್ಮ.

ಅವರು ಹೋದ ಮೇಲೆ ಮಾಸ್ಟರಮ್ಮ ಹಳೆಯ ರಟ್ಟನ್ನು ತೆಗೆದು, ಅದರ ಮೇಲಿದ್ದ ಅಕ್ಷರವನ್ನು ಗೀಚಿ ಹಾಕಿ, 'ಸ್ಮಾಲ್' ಎಂದು ಬರೆದು ಬೇರೆ ಮೊಳೆಗೆ ತೂಗುಹಾಕಿದರು. ಹೊಸ ರಟ್ಟನ್ನು ಸೊಸೆಯ ಕೈಗೆ ಕೊಟ್ಟು, "ನೀನೇ ಬರಿ" ಎಂದರು. ಅವಳು ಸೀಸದಕಡ್ಡಿಯ ತುದಿಯನ್ನು ನಾಲಗೆಗೆ ತಾಗಿಸಿ, ಅಕ್ಷರ ಸೊಟ್ಟಗಾಗದ ಹಾಗೆ ನಿಧಾನವಾಗಿ, ದಪ್ಪಗೆ 'ಮೀಡಿಯಂ' ಎಂದು ಬರೆದಳು.

ಅಂಚು ಕತ್ತರಿಸಿಬಿಟ್ಟಿದ್ದ ಆ ಎರಡು ಕೋಟನ್ನು ಏನು ಮಾಡುವುದೆಂಬ ಮಾತು ಊಟದ ಹೊತ್ತಿಗೆ ಬಂತು. ಕಂಕುಳಿಗೆ ಪಟ್ಟಿ ಕೊಟ್ಟು ಸರಿಮಾಡಬಹುದೆಂದು ಮಾಸ್ಟರಮ್ಮ, ಮಗುವಿಗೆ ಅಂಗಿ ಹೊಲಿಯಬಹುದೆಂದು ಗಂಡ. ಬಿಳಿ ಬಟ್ಟೆ ಬಾಬಿನ್ ಮೈಮೇಲೆ ಒಂದು ಗಳಿಗೆಯಾದರೂ ಬಿಳಿಯಾಗಿ ಉಳಿಯುತ್ತದೆಯೇ ಎಂದು ಮೀಡಿಯಂ. ಅವಳ ತಟ್ಟೆಯಲ್ಲಿ ಎರಡು ಮೊಟ್ಟೆ ಇದ್ದವು. ಯಾರ ತಟ್ಟೆಗೂ ಹೋಗಲಿಲ್ಲ.

"ಈ ಡಬ್ಬ ಯಾರಿಗೂ ಬೇಡ್ವಾ?" ಎಂದು ಅಜ್ಜಿ ಕೇಳಿದರು. ಯಾರೂ ಉತ್ತರ ಕೊಡುವ ಮೊದಲೇ ಮುಚ್ಚಳ ತೆಗೆದು, ತಮ್ಮ ಟೀಗೆ ಮೂರು ಚಮಚ ಹಾಲಿನ ಪುಡಿ ಹಾಕಿ ಕಲಕಿದರು. ಒಂದು ಗುಟುಕು ಕುಡಿದು, "ಚೆನ್ನಾಗೇ ಇದೆ. ವ್ಯರ್ಥ ಆಗಲ್ಲ ಬಿಡಿ" ಎಂದರು.

ಊಟವಾದ ಮೇಲೆ ಯಂತ್ರಗಳು ಮತ್ತೆ ಶುರುವಾದವು. ಮೀಡಿಯಂ ತನ್ನ ಕೋಟು ತೊಟ್ಟು, ಐದೂ ಗುಂಡಿ ಹಾಕಿಕೊಂಡು, ಮೂರನೆಯ ಗಂಟಿನ ಎಡಭಾಗಕ್ಕೆ ಜೇಬು ಕೂರಿಸತೊಡಗಿದಳು. ಹಿಂದಿನ ಕೋಣೆಯಲ್ಲಿ ಬಾಬಿನ್ ಗೊಣಗಿತು, ಆಮೇಲೆ ಅತ್ತಿತು. "ಮೇಡಂ, ಊಟದ ಬಿಡುವು" ಎಂದು ಗಂಡ ಕೂಗಿದ.

ಅವಳು ಯಂತ್ರದ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿದಳು. ಡಬಲ್ ದಾರದಲ್ಲಿ ಹೊಲಿದಿದ್ದ ಎರಡನೆಯ ಗುಂಡಿ ಸ್ವಲ್ಪ ಬಿಗಿಯಾಗಿತ್ತು. ಅದನ್ನು ಕಾಜಾದಿಂದ ಬಿಡಿಸುತ್ತಲೇ, "ಬಂದೆ ಕಣೇ ನನ್ನ ಬಾಬಿನ್ನು" ಎನ್ನುತ್ತಾ ಒಳಗೆ ನಡೆದಳು.